ಓವರ್‌ಲಾರ್ಡ್‌ಗಳು

ಆರ್ಥರ್ ಸಿ. ಕ್ಲಾರ್ಕ್ ಅವರ ‘ಚೈಲ್ಡ್‌ಹುಡ್ಸ್ ಎಂಡ್’ (1953) ಕಾದಂಬರಿಯಲ್ಲಿ ಭೂಮಿಯನ್ನು ಆಳುವ ಅನ್ಯಲೋಕದ ಜನಾಂಗ. ಮಹಾನಗರಗಳ ನೆತ್ತಿಯ ಮೇಲೆ ನೌಕೆಗಳನ್ನು ನಿಲ್ಲಿಸಿ, ಯುದ್ಧಗಳಿಗೆ ಕೊನೆಹಾಡುವ ಇವರನ್ನು ಸಾಮ್ರಾಜ್ಯಶಾಹಿಗಳೆಂದು ಓದಬಹುದು. ಮನುಷ್ಯರ ಅಂತರಿಕ್ಷಯಾನಕ್ಕೆ ತಡೆಯೊಡ್ಡಿದ್ದು, ಕೊಂಬು, ರೆಕ್ಕೆ, ಬಾಲಗಳುಳ್ಳ ತಮ್ಮ ಸೈತಾನರೂಪವನ್ನು 50 ವರ್ಷ ಮರೆಮಾಚಿದ್ದು ಆ ಓದಿಗೆ ಬಲ ಕೊಡುತ್ತವೆ. ಆದರೆ ಸಾಮ್ರಾಜ್ಯಕ್ಕೆ ಸ್ವಂತ ಲಾಭ ಬೇಕು; ಇವರು ಭೂಮಿಯ ಸಂಪತ್ತನ್ನು ಕೊಳ್ಳೆ ಹೊಡೆಯುವುದಿಲ್ಲ. ಇವರಲ್ಲಿ ಭೂಮಿಯ ಮೇಲ್ವಿಚಾರಕನಾದ ಕರೆಲೆನ್ ಕೂಡ ‘ಓವರ್‌ಮೈಂಡ್’ ಎಂಬ ವಿಶ್ವಚೇತನದ ಆಜ್ಞಾಧಾರಕನೇ. ಕೊನೆಗೆ ಮನುಷ್ಯರ ಮಕ್ಕಳು ಆ ಚೇತನದಲ್ಲಿ ಲೀನವಾಗುತ್ತಾರೆ. ವಿಕಾಸದ ದಾರಿ ಮುಚ್ಚಿಹೋದ ಆಳುವವರಿಗೆ ಆ ಭಾಗ್ಯವಿಲ್ಲ. ಬಲಪ್ರಯೋಗ ಬಲಪ್ರಯೋಗವೇ ಎಂಬ ಆಕ್ಷೇಪ ಉಳಿಯುತ್ತದೆ, ನಿಜ. ಆದರೂ ಅದರ ಹೊಣೆ ಮೇಲಿನ ಒಡೆಯನದು; ಇವರು ಕೇವಲ ಪಾರುಪತ್ಯಗಾರರು.