ವೈದ್ಯಕೀಯ ಪ್ರಯೋಗಶಾಲಾ ತಂತ್ರಜ್ಞರ ತರಬೇತಿ: ಭಾರತದಲ್ಲಿ ಬೆಳೆದು ಬಂದ ಬಗೆ

ರಕ್ತ, ಮೂತ್ರ, ಮಲ, ಕಫ ಮೊದಲಾದ ಮಾದರಿಗಳನ್ನು ಪರೀಕ್ಷಿಸಿ ವೈದ್ಯರ ರೋಗನಿರ್ಣಯಕ್ಕೆ ಆಧಾರ ಒದಗಿಸುವವರನ್ನು ಸಜ್ಜುಗೊಳಿಸುವ ಶಿಕ್ಷಣ. ಭಾರತದಲ್ಲಿ ಇದು ಮೊಳೆತದ್ದು ಕಾಲೇಜುಗಳ ಹೊರಗೆ. ಪ್ಲೇಗು, ಮಲೇರಿಯ, ಕ್ಷಯ ಇವುಗಳನ್ನು ಎದುರಿಸಲು ಹೊರಟ ಒಂದೊಂದು ಕಾರ್ಯಕ್ರಮವೂ ತನಗೆ ಬೇಕಾದ ಕೈಗಳನ್ನು ತಾನೇ ಪಳಗಿಸಿಕೊಂಡಿತು. ಪಠ್ಯಕ್ರಮ ಮತ್ತು ಪದವಿ ಆಮೇಲೆ ಬಂದವು, ಕಾಯ್ದೆ ಎಲ್ಲಕ್ಕಿಂತ ಕೊನೆಗೆ.

ಈ ವೃತ್ತಿಗೆ ಅಡಿಪಾಯ ಬಿದ್ದದ್ದು 19ನೆಯ ಶತಮಾನದ ಕೊನೆಯ ಎರಡು ದಶಕಗಳ ಯುರೋಪಿನಲ್ಲಿ. 1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯವನ್ನು ತೋರಿಸಿಕೊಟ್ಟ. 1884ರಲ್ಲಿ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಮ್ ಬ್ಯಾಕ್ಟೀರಿಯಗಳನ್ನು ಎರಡು ಪಂಗಡಗಳಾಗಿ ಬೇರ್ಪಡಿಸುವ ಬಣ್ಣದ ವಿಧಾನವನ್ನು ಪ್ರಕಟಿಸಿದ. 1896ರಲ್ಲಿ ವಿಷಮಶೀತ ಜ್ವರಕ್ಕೆ ವಿಡಾಲ್ ಪರೀಕ್ಷೆ ಬಂತು. 1901ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ವಿವರಿಸಿದ. ಪರೀಕ್ಷೆಗಳು ಹೆಚ್ಚಿದಂತೆ ವೈದ್ಯರೊಬ್ಬರೇ ನಿಭಾಯಿಸುವುದು ಅಸಾಧ್ಯವಾಯಿತು. ಗಾಜಿನ ಸಾಮಾನು ತೊಳೆಯಲು ಬಂದವರು ಬಣ್ಣ ಹಾಕುವುದನ್ನು ಕಲಿತರು, ಕ್ರಮೇಣ ಸೂಕ್ಷ್ಮದರ್ಶಕದ ಮುಂದೆ ಕುಳಿತರು. ಬ್ರಿಟನ್ನಿನಲ್ಲಿ ಇಂಥ ಸಹಾಯಕರು ಆಲ್ಬರ್ಟ್ ನಾರ್ಮನ್ ಎಂಬುವರ ಮುಂದಾಳ್ತನದಲ್ಲಿ 1912ರಲ್ಲಿ ಸಂಘ ಕಟ್ಟಿಕೊಂಡರು. ಅಮೆರಿಕದಲ್ಲಿ ರೋಗಶಾಸ್ತ್ರಜ್ಞರ ಸಂಘ 1928ರಲ್ಲಿ ತಂತ್ರಜ್ಞರಿಗೆ ಪ್ರಮಾಣಪತ್ರ ನೀಡುವ ನೋಂದಣಿ ಮಂಡಳಿಯೊಂದನ್ನು ಸ್ಥಾಪಿಸಿತು.

ಭಾರತದಲ್ಲಿ ಪ್ರಯೋಗಶಾಲೆಗಳು ತಡವಾಗಿಯೇನೂ ಬರಲಿಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗು ಬಡಿದಾಗ ವಾಲ್ಡೆಮಾರ್ ಹಾಫ್‌ಕಿನ್ ಅಲ್ಲಿನ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಲಸಿಕೆಯ ಕೆಲಸ ಆರಂಭಿಸಿದ. 1899ರಲ್ಲಿ ಆ ಪ್ರಯೋಗಶಾಲೆ ಪರೇಲಿಗೆ ಸ್ಥಳಾಂತರವಾಯಿತು. ಮದರಾಸಿನ ಗಿಂಡಿಯಲ್ಲಿ ಕಿಂಗ್ ಇನ್‌ಸ್ಟಿಟ್ಯೂಟ್, ಕಸೌಲಿಯಲ್ಲಿ ಮತ್ತು ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆಗಳು ಒಂದು ದಶಕದೊಳಗೆ ತಲೆಯೆತ್ತಿದವು. ಇಲ್ಲೆಲ್ಲ ದುಡಿದ ಭಾರತೀಯ ಸಹಾಯಕರು ಪಕ್ಕದಲ್ಲಿ ನಿಂತು ನೋಡಿ ಕಲಿತವರು. ಅವರಲ್ಲಿ ಹೆಸರು ಉಳಿದವರು ಬಹಳ ಕಡಿಮೆ. ಸೊಳ್ಳೆಯಲ್ಲಿ ಮಲೇರಿಯ ಪರಾವಲಂಬಿಯನ್ನು ಕಂಡ ರೊನಾಲ್ಡ್ ರಾಸ್‌ನಿಗೆ ಕಲ್ಕತ್ತೆಯಲ್ಲಿ ನೆರವಾದ ಮುಹಮ್ಮದ್ ಬಕ್ಸ್ ಮತ್ತು ಕಿಶೋರಿ ಮೋಹನ ಬಂದ್ಯೋಪಾಧ್ಯಾಯ ಅಂಥ ಅಪರೂಪದ ಇಬ್ಬರು. ರಾಸ್‌ನಿಗೆ 1902ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಕಿಶೋರಿ ಮೋಹನರಿಗೆ ಮರುವರ್ಷ ಏಳನೆಯ ಎಡ್ವರ್ಡ್ ದೊರೆಯ ಹೆಸರಿನ ಚಿನ್ನದ ಪದಕ ಸಿಕ್ಕಿತು.

ನೋಡಿ ಕಲಿತ ಕೈಗೆ ಶಿಸ್ತಿನ ತರಬೇತಿ ಯಾಕೆ ಬೇಕೆಂಬುದನ್ನು ಪಂಜಾಬಿನ ಮಲ್ಕೊವಾಲ್ ಎಂಬ ಊರು ಕ್ರೂರವಾಗಿ ಕಲಿಸಿತು. 1902ರ ಅಕ್ಟೋಬರ್ 30ರಂದು ಅಲ್ಲಿ ಪ್ಲೇಗಿನ ಲಸಿಕೆ ಹಾಕಿಸಿಕೊಂಡವರ ಪೈಕಿ ಒಂದೇ ಸೀಸೆಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ತಪ್ಪನ್ನು ಮೊದಲು ಹಾಫ್‌ಕಿನ್‌ನ ಪ್ರಯೋಗಶಾಲೆಯ ಮೇಲೆ ಹೊರಿಸಲಾಯಿತು. ಸೀಸೆಯ ಬಿರಡೆ ತೆಗೆಯುವಾಗ ಸಹಾಯಕನ ಕೈಯಿಂದ ಇಕ್ಕುಳ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿಮಾಡದೆ ಮತ್ತೆ ಬಳಸಲಾಗಿತ್ತು ಎಂಬ ವಿವರ ಆಮೇಲೆ ಮುನ್ನೆಲೆಗೆ ಬಂತು. ಹಾಫ್‌ಕಿನ್ ದೋಷಮುಕ್ತನಾಗಲು 1907ರವರೆಗೆ ಕಾಯಬೇಕಾಯಿತು. ಬಿದ್ದ ಉಪಕರಣವನ್ನು ಪುನಃ ಶುದ್ಧಿಗೊಳಿಸದೆ ಮುಟ್ಟಬಾರದು ಎಂಬ ಪಾಠ ಇಂದು ಪ್ರತಿಯೊಬ್ಬ ವಿದ್ಯಾರ್ಥಿಗೂ ಆರಂಭದಲ್ಲೇ ಸಿಗುತ್ತದೆ. ಅಂದು ಅಂಥ ಸಹಾಯಕರಿಗೆ ಪಾಠ ಹೇಳುವ ಶಾಲೆಯೇ ಇರಲಿಲ್ಲ.

ಈ ಕೊರತೆಯ ನಡುವೆ ಮಿಷನ್ ಆಸ್ಪತ್ರೆಗಳು ತಮ್ಮ ಅಗತ್ಯಕ್ಕೆ ತಕ್ಕಷ್ಟು ಜನರನ್ನು ತಾವೇ ತರಬೇತುಗೊಳಿಸುತ್ತಿದ್ದವು. ದೇಶದ ಆರೋಗ್ಯ ಸ್ಥಿತಿಯನ್ನು ಪರಿಶೀಲಿಸಲು 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ, ವೈದ್ಯರು ಮತ್ತು ದಾದಿಯರ ಜೊತೆಗೆ ತಂತ್ರಜ್ಞರ ತರಬೇತಿಯನ್ನೂ ರಾಷ್ಟ್ರದ ಹೊಣೆಯೆಂದು ಪರಿಗಣಿಸಿತು.

ತರಬೇತಿ ದೊಡ್ಡ ಪ್ರಮಾಣದಲ್ಲಿ ಹಳ್ಳಿಯ ಕಡೆಗೆ ಹೊರಳಿದ್ದು ಮಲೇರಿಯದಿಂದ. 1953ರಲ್ಲಿ ನಿಯಂತ್ರಣ ಕಾರ್ಯಕ್ರಮವಾಗಿ ಶುರುವಾದದ್ದು 1958ರಲ್ಲಿ ನಿರ್ಮೂಲನ ಕಾರ್ಯಕ್ರಮವಾಯಿತು. ಕಾರ್ಯಕರ್ತರು ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಹೋಗಿ, ಜ್ವರ ಬಂದವರ ಬೆರಳು ಚುಚ್ಚಿ ಸ್ಲೈಡ್ ಮಾಡಿ ತರುತ್ತಿದ್ದರು. ವರ್ಷಕ್ಕೆ ಜನಸಂಖ್ಯೆಯ ಶೇ. 10ರಷ್ಟು ರಕ್ತಪರೀಕ್ಷೆ ಆಗಬೇಕೆಂಬುದು ಗುರಿ. ಈ ಸ್ಲೈಡ್‌ಗಳನ್ನು ನೋಡಲು ಅಪಾರ ಸಂಖ್ಯೆಯಲ್ಲಿ ಜನ ಬೇಕಾದರು. ದಪ್ಪ ಲೇಪದಲ್ಲಿ ಪರಾವಲಂಬಿ ಇದೆಯೇ ಎಂದು ಹುಡುಕುವುದು, ತೆಳು ಲೇಪದಲ್ಲಿ ಅದು ಯಾವ ಜಾತಿಯದು, ವೈವ್ಯಾಕ್ಸೋ ಫಾಲ್ಸಿಪಾರಮ್ಮೋ ಎಂದು ಗುರುತಿಸುವುದು ಅವರಿಗೆ ಕಲಿಸಿದ ವಿದ್ಯೆ. ಬಣ್ಣಕ್ಕೆ ಜಸ್ವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ 1944ರಲ್ಲಿ ರೂಪಿಸಿದ ಜೆಎಸ್‌ಬಿ ದ್ರಾವಣ ಬಳಕೆಯಾಯಿತು. ಆಮದಿನ ಬಣ್ಣಕ್ಕೆ ಕಾಯದೆ ಇಲ್ಲೇ ಅಗ್ಗವಾಗಿ ತಯಾರಿಸಬಹುದಾದ ಈ ದ್ರಾವಣ ಇಲ್ಲದಿದ್ದರೆ ಅಷ್ಟು ಸ್ಲೈಡ್‌ಗಳನ್ನು ನೋಡುವುದು ಕಷ್ಟವಿತ್ತು. ಆದರೆ ಈ ತರಬೇತಿಯ ಮಿತಿಯೂ ಸ್ಪಷ್ಟ: ಅದು ಒಂದು ರೋಗಕ್ಕಷ್ಟೇ ಕಣ್ಣು ತೆರೆಸಿತು.

ಕರ್ನಾಟಕ ಈ ಇತಿಹಾಸದ ನಡುವೆ ಬರುವುದು ಕ್ಷಯದ ಮೂಲಕ. 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. 1960ರ ಸೆಪ್ಟೆಂಬರ್ 16ರಂದು ಜವಾಹರಲಾಲ್ ನೆಹರು ಅದನ್ನು ಉದ್ಘಾಟಿಸಿದರು. ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ, ಕ್ಷಯದ ಲಕ್ಷಣವುಳ್ಳವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಬಾಗಿಲಿಗೆ ಬಂದು ಹೋಗಿದ್ದರೆಂದು ತೋರಿಸಿತು. ಬಂದವರನ್ನು ಗುರುತಿಸುವವರಿರಲಿಲ್ಲ, ಕೆಮ್ಮಿನ ಔಷಧಿ ಕೊಟ್ಟು ಕಳಿಸಲಾಗುತ್ತಿತ್ತು. ಹಳ್ಳಿಗಳಿಗೆ ಎಕ್ಸ್‌ರೇ ಒಯ್ಯುವುದು ದುಬಾರಿ; ಸೂಕ್ಷ್ಮದರ್ಶಕ ಮತ್ತು ಅದರ ಮುಂದೆ ಕೂರಬಲ್ಲ ಒಬ್ಬರು ಸಾಕು. ಅಧ್ಯಯನ ಅಚ್ಚಾಗುವ ಮೊದಲೇ ಬಂದ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮವೂ ಈ ತಿಳಿವಳಿಕೆಯ ಮೇಲೆಯೇ ನಿಂತಿತು. ದೇಶದ ಜಿಲ್ಲೆಗಳಿಂದ ಬೆಂಗಳೂರಿಗೆ ಬಂದು ತರಬೇತಿ ಪಡೆದ ತಂಡಗಳಲ್ಲಿ ವೈದ್ಯಾಧಿಕಾರಿಯ ಜೊತೆ ಪ್ರಯೋಗಶಾಲಾ ತಂತ್ರಜ್ಞರಿಗೂ ಖಾಯಂ ಸ್ಥಾನವಿತ್ತು. ಊರಿಗೆ ಮರಳಿದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಫ ಪರೀಕ್ಷೆಯ ಮೇಲ್ವಿಚಾರಣೆಯೂ ಅವರದೇ.

ಕಫ ಪರೀಕ್ಷೆ ಹೊರಗಿನಿಂದ ಸರಳವಾಗಿ ಕಾಣುತ್ತದೆ. ಎಂಜಲನ್ನು ಬಿಟ್ಟು ಕಫದ ಗಟ್ಟಿ ಭಾಗವನ್ನು ಆರಿಸಬೇಕು, ಸುಮಾರು ಎರಡು–ಮೂರು ಸೆಂಟಿಮೀಟರ್ ಅಗಲಕ್ಕೆ ಸಮನಾಗಿ ಸವರಬೇಕು. ಕಾರ್ಬಾಲ್ ಫುಕ್ಸಿನ್ ಹಾಕಿ ಆವಿ ಏಳುವಷ್ಟೇ ಬಿಸಿ ಮಾಡಬೇಕು, ಕುದಿಸಬಾರದು. ಆಮೇಲೆ ಗಂಧಕಾಮ್ಲದಿಂದ ಬಣ್ಣ ತೆಗೆದು ಮೆಥಿಲೀನ್ ನೀಲಿ ಹಾಕಿದರೆ, ನೀಲಿ ಹಿನ್ನೆಲೆಯಲ್ಲಿ ಬ್ಯಾಕ್ಟೀರಿಯಗಳು ಕೆಂಪಾಗಿ ಉಳಿಯುತ್ತವೆ. ಸೂಕ್ಷ್ಮದರ್ಶಕದ 100 ಕ್ಷೇತ್ರಗಳನ್ನು ನೋಡಿಯೂ ಒಂದೂ ಕಾಣದಿದ್ದರೆ ಮಾತ್ರ 'ಇಲ್ಲ' ಎಂದು ಬರೆಯಬಹುದು; 10ರಿಂದ 99 ಕಂಡರೆ 'ಒಂದು ಪ್ಲಸ್'. ದಿನದ ಹತ್ತಾರನೆಯ ಸ್ಲೈಡಿನಲ್ಲಿ, ಕಣ್ಣು ದಣಿದಾಗ, ನೂರನೆಯ ಕ್ಷೇತ್ರದವರೆಗೂ ಹೋಗುವ ತಾಳ್ಮೆಯೇ ಈ ತರಬೇತಿಯ ತಿರುಳು. ಅವಸರದಲ್ಲಿ ಬರೆದ ಒಂದು 'ಇಲ್ಲ' ರೋಗಿಯನ್ನೂ ಅವನ ಮನೆಮಂದಿಯನ್ನೂ ಅಪಾಯಕ್ಕೆ ಒಡ್ಡುತ್ತದೆ.

ಅಪಾಯ ತಂತ್ರಜ್ಞರಿಗೂ ಇದೆ, ಪಠ್ಯಕ್ರಮ ಅದನ್ನು ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯಿತು. ಪಿಪೆಟ್ಟನ್ನು ಬಾಯಿಂದ ಹೀರುವುದು ದಶಕಗಳ ಕಾಲ ವಾಡಿಕೆಯಾಗಿತ್ತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದ ಮೇಲೆ, ಆ ವೈರಸ್ಸಿನ ಮೇಲೆ ಕೆಲಸ ಮಾಡಿದ ಪ್ರಯೋಗಶಾಲೆಗಳ ಸಿಬ್ಬಂದಿಗೂ ಸೋಂಕು ತಗುಲಿತು. 1986ರಲ್ಲಿ ಚೆನ್ನೈನಲ್ಲಿ ಸುನೀತಿ ಸಾಲೊಮನ್ ಅವರ ತಂಡ ದೇಶದ ಮೊದಲ ಎಚ್‌ಐವಿ ಸೋಂಕುಗಳನ್ನು ಗುರುತಿಸಿತು. ಪ್ರತಿ ಮಾದರಿಯನ್ನೂ ಸೋಂಕಿನದೆಂದೇ ಭಾವಿಸಿ ಕೈಗವಸು ತೊಟ್ಟು ಮುಟ್ಟುವ ಪಾಠ ಆಮೇಲಷ್ಟೇ ಗಟ್ಟಿಯಾಗಿ ಬೇರೂರಿತು.

ಇಷ್ಟರಲ್ಲಿ ಯಂತ್ರಗಳು ಬಂದಿದ್ದವು. ವ್ಯಾಲೇಸ್ ಕೂಲ್ಟರ್‌ನ ರಕ್ತಕಣ ಎಣಿಸುವ ಯಂತ್ರಕ್ಕೆ 1953ರಲ್ಲಿ ಪೇಟೆಂಟ್ ದೊರೆತಿತ್ತು. ಲೆನರ್ಡ್ ಸ್ಕೆಗ್ಸ್‌ನ ಸ್ವಯಂಚಾಲಿತ ಜೀವರಸಾಯನ ಯಂತ್ರ 1957ರದು. ಇವು ಭಾರತದ ದೊಡ್ಡ ಆಸ್ಪತ್ರೆಗಳನ್ನು ತಲುಪಿದಂತೆ, ಒಂದೇ ರೋಗದ ತರಬೇತಿ ಸಾಲದೆ ಬಂತು. ರಕ್ತಶಾಸ್ತ್ರ, ಜೀವರಸಾಯನ, ಸೂಕ್ಷ್ಮಜೀವಿಶಾಸ್ತ್ರ, ರಕ್ತನಿಧಿ ಎಲ್ಲವನ್ನೂ ಕಲಿಸುವ ಡಿಎಂಎಲ್‌ಟಿ ಡಿಪ್ಲೊಮಾ ಮತ್ತು ಬಿಎಸ್ಸಿ ಎಂಎಲ್‌ಟಿ ಪದವಿ ಹರಡಿದವು. ಕರ್ನಾಟಕದಲ್ಲಿ ಅರೆವೈದ್ಯಕೀಯ ಮಂಡಳಿ ಡಿಪ್ಲೊಮಾವನ್ನು ನಡೆಸುತ್ತದೆ; ಪದವಿಯನ್ನು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಕೊಡುತ್ತವೆ.

ಹೊಸ ಶತಮಾನದಲ್ಲಿ ಕ್ಷಯಕ್ಕೂ ಆಣ್ವಿಕ ಜೀವಶಾಸ್ತ್ರದ ಪರೀಕ್ಷೆಗಳು ಬಂದವು. ಅವುಗಳಲ್ಲೊಂದಾದ ಟ್ರೂನ್ಯಾಟ್‌ನ ತಂತ್ರಜ್ಞಾನ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡದ್ದು. 2020ರಲ್ಲಿ ಕೋವಿಡ್ ಬಂದಾಗ ಇದೇ ಯಂತ್ರಗಳು, ಇದೇ ತಂತ್ರಜ್ಞರು ತಾಲ್ಲೂಕು ಮಟ್ಟದವರೆಗೆ ಪರೀಕ್ಷೆಯ ಭಾರ ಹೊತ್ತರು.

ಇಷ್ಟಾದರೂ ಈ ವೃತ್ತಿಗೆ ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ ಇರಲಿಲ್ಲ. ಕೆಲವೇ ತಿಂಗಳ ತರಬೇತಿ ಪಡೆದವರೂ ಮೂರು ವರ್ಷ ಓದಿದವರೂ ಒಂದೇ ಹೆಸರಿನ ಕೆಲಸ ಮಾಡಬಹುದಿತ್ತು. ಇದು ರೋಗಿಗೂ ಓದಿದವರಿಗೂ ಆದ ಅನ್ಯಾಯ. 2021ರ ಮಾರ್ಚ್ 28ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ಸೇವಾ ವೃತ್ತಿಗಳ ಆಯೋಗದ ಕಾಯ್ದೆ, ಪ್ರಯೋಗಶಾಲಾ ವಿಜ್ಞಾನವನ್ನು ತನ್ನ ಅನುಸೂಚಿಯ ಮೊದಲ ವರ್ಗವಾಗಿ ಸೇರಿಸಿತು. ಸಹವರ್ತಿ ವೃತ್ತಿಪರರಿಗೆ ಕನಿಷ್ಠ 2,000 ಗಂಟೆ, ಆರೋಗ್ಯ ಸೇವಾ ವೃತ್ತಿಪರರಿಗೆ ಕನಿಷ್ಠ 3,600 ಗಂಟೆಗಳ ಶಿಕ್ಷಣವನ್ನು ಅದು ನಿಗದಿಪಡಿಸುತ್ತದೆ. ನೋಂದಣಿಯ ಹೊಣೆಯನ್ನು ರಾಜ್ಯ ಮಂಡಳಿಗಳಿಗೆ ವಹಿಸುತ್ತದೆ. ಭೋರ್ ಸಮಿತಿಯ ವರದಿಯಿಂದ ಇಲ್ಲಿಗೆ ಬರಲು 75 ವರ್ಷ ಹಿಡಿಯಿತು.