ಕನಕರ ಒಲ್ಲೆನೆಂಬ ಮಾತು

ದೇವರು ಕರೆದೊಡನೆ ಭಕ್ತನು ಓಗೊಡುತ್ತಾನೆಂದು ನಾವು ಭಾವಿಸುತ್ತೇವೆ. ಧರ್ಮಗಳ ಕಥನ ಹಾಗೆ ಹೇಳುವುದಿಲ್ಲ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಮೋಶೆಯು ತನ್ನ ನಾಲಗೆ ಮಂದವೆಂದು ಹಿಂಜರಿದ. ಯೆರೆಮೀಯನು ತಾನಿನ್ನೂ ಬಾಲಕನೆಂದ. ಯೋನನಂತೂ ಹಡಗು ಹತ್ತಿ ಬೇರೊಂದು ದಿಕ್ಕಿಗೆ ಹೊರಟ. ನಮ್ಮ ನಾಡಿನಲ್ಲಿ ಅಂಥ ಹಿಂಜರಿಕೆಯ ಕಥೆ ಕನಕದಾಸರದು.

ಹದಿನಾರನೆಯ ಶತಮಾನದ ಕನಕರು ಬಂಕಾಪುರ ಸೀಮೆಯ ಬಾಡದವರು. 1997ರಿಂದ ಆ ಊರು ಹಾವೇರಿ ಜಿಲ್ಲೆಯಲ್ಲಿದೆ. ಅವರ ಮೊದಲ ಹೆಸರು ತಿಮ್ಮಪ್ಪನಾಯಕ. ದಂಡು ನಡೆಸಿದ ನಾಯಕರೆಂದು ಪರಂಪರೆ ಹೇಳುತ್ತದೆ. ಆದಿಕೇಶವನು ಕನಸಿನಲ್ಲಿ ಬಂದು ತನ್ನ ದಾಸನಾಗೆಂದು ಕರೆದನಂತೆ, ನಾಯಕರು ಒಲ್ಲೆನೆಂದರಂತೆ. ಯುದ್ಧದಲ್ಲಿ ಗಾಯಗೊಂಡು ಬಿದ್ದಾಗ ಅದೇ ಕರೆ ಮತ್ತೆ ಬಂದಿತು, ಆಗ ಒಪ್ಪಿದರು. ಇದು ಶಾಸನದ ಸಾಕ್ಷ್ಯವಲ್ಲ, ಐತಿಹ್ಯ. ಆದರೆ ಜನರು ತಮ್ಮ ಸಂತನ ನಿರಾಕರಣೆಯನ್ನು ಮರೆಮಾಚದೆ ಉಳಿಸಿಕೊಂಡು ಬಂದರೆಂಬುದು ಗಮನಾರ್ಹ.

ಮೋಶೆಯದು ತನ್ನಲ್ಲಿ ಶಕ್ತಿಯಿಲ್ಲವೆಂಬ ಅಳುಕು. ಕನಕರದು ಹಾಗಲ್ಲ, ಇದ್ದುದನ್ನು ಬಿಡಬೇಕಾದ ಸಂಕಟ. ದಾಸನೆಂದರೆ ಆಳು. ಸಿರಿವಂತ ವ್ಯಾಪಾರಿಯಾಗಿದ್ದರೆಂದು ಹೇಳಲಾಗುವ ಪುರಂದರದಾಸರಿಗೆ ದಾಸತ್ವವು ತಾವಾಗಿ ವಹಿಸಿದ ದೈನ್ಯ. ಕುಲದ ಮೇಲುಕೀಳು ಬಲವಾಗಿದ್ದ ಕಾಲದಲ್ಲಿ, ಕುರುಬ ಕುಲದಲ್ಲಿ ಹುಟ್ಟಿ ನಾಯಕತನ ಪಡೆದವರಿಗೆ ಆ ಮಾತು ಬೇರೆಯಾಗಿಯೇ ಕೇಳಿಸಿರಬೇಕು. ಆಳಾಗು ಎಂದು ಲೋಕವೇ ಹೇಳುತ್ತಿರುವಾಗ ದೇವರೂ ಅದನ್ನೇ ಹೇಳಬೇಕೆ? ಅವರ ಒಲ್ಲೆನೆಂಬ ಮಾತಿನಲ್ಲಿ ಅಹಂಕಾರಕ್ಕಿಂತ ಈ ಪ್ರಶ್ನೆಯೇ ನನಗೆ ಹೆಚ್ಚಾಗಿ ಕೇಳಿಸುತ್ತದೆ.

ಅವರ 'ರಾಮಧಾನ್ಯಚರಿತೆ'ಯಲ್ಲಿಯೂ ಇದೇ ಮೇಲುಕೀಳಿನ ವಾದವಿದೆ. ಭತ್ತವು ರಾಗಿಯನ್ನು ಹೀಯಾಳಿಸುತ್ತದೆ. ಬರಗಾಲದಲ್ಲಿ ಬಡವರನ್ನು ಕಾಯುವವನು ತಾನೆಂದು ರಾಗಿ ಉತ್ತರಿಸುತ್ತದೆ. ಶ್ರೀರಾಮನು ಕೂಡಲೇ ತೀರ್ಪು ಕೊಡದೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಭತ್ತ ಕೆಡುತ್ತದೆ, ರಾಗಿ ಉಳಿಯುತ್ತದೆ. ಹೊಸದುರ್ಗ ತಾಲೂಕಿನ ನಮ್ಮ ಶ್ರೀರಾಂಪುರದ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಗೇವಿನಲ್ಲಿ ತುಂಬಿದ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲವೆಂಬುದು ಬಯಲುಸೀಮೆಯ ಒಕ್ಕಲಿಗರ ಹಳೆಯ ಅನುಭವ.

ಧಾನ್ಯಗಳ ತೀರ್ಪಿಗೇ ಆರು ತಿಂಗಳು ಬೇಕಾದರೆ, ಒಬ್ಬ ಮನುಷ್ಯನು ತನ್ನ ಬಾಳನ್ನೇ ಒಪ್ಪಿಸುವುದಕ್ಕೆ ಕಾಲ ಬೇಡವೆ? ತಡವಾಗಿ ಬಂದ ಒಪ್ಪಿಗೆಯನ್ನು ಅರೆಮನಸ್ಸಿನದೆಂದು ನಾನು ತಿಳಿಯಲಾರೆ. ಒಮ್ಮೆ ಒಪ್ಪಿದ ಮೇಲೆ ಕನಕರು, ತಾವು ಒಲ್ಲೆನೆಂದು ಹಿಂದಕ್ಕೆ ಕಳುಹಿಸಿದ್ದ ಕಾಗಿನೆಲೆಯ ಆದಿಕೇಶವನ ಹೆಸರನ್ನೇ ತಮ್ಮ ಕೀರ್ತನೆಗಳ ಅಂಕಿತವಾಗಿ ಇರಿಸಿಕೊಂಡರು.