ಡೆಬಿಯನ್: ಶಾಖೆಗಳ ಮಿಶ್ರಣ ಮತ್ತು ಆದ್ಯತೆಯ ಅಂಕ

1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ತಂತ್ರಾಂಶ ಯೋಜನೆಯಲ್ಲಿ ಹಳೆಯದಾದರೂ ನಂಬಬಹುದಾದ ‘ಸ್ಟೇಬಲ್’, ಹೊಸದಾದರೂ ಎಂದು ಕೆಡುವುದೋ ತಿಳಿಯದ ‘ಅನ್‌ಸ್ಟೇಬಲ್’ ಶಾಖೆಗಳ ನಡುವೆ ‘ಟೆಸ್ಟಿಂಗ್’ ಸೇರಿದ್ದು 2000ದ ಡಿಸೆಂಬರಿನಲ್ಲಿ. 2002ರ ಜುಲೈಯಲ್ಲಿ ಬಂದ ‘ವುಡಿ’ಯ ನಂತರದ ಸ್ಥಿರ ಆವೃತ್ತಿ ‘ಸಾರ್ಜ್’ ಹೊರಬಂದುದು 2005ರ ಜೂನಿನಲ್ಲಿ. ಶಾಖೆಗಳನ್ನು ಬೆರೆಸುವ ರೂಢಿಗೆ ಇಂಥ ದೀರ್ಘ ವಿರಾಮಗಳೇ ಪೋಷಕವಾದವೆಂದು ನನ್ನ ಅಭಿಪ್ರಾಯ.

ಪ್ಯಾಕೇಜುಗಳನ್ನು ನಿರ್ವಹಿಸುವ ‘ಆಪ್ಟ್’ ಆದ್ಯತೆಯ ಅಂಕಗಳನ್ನು ನೋಡಿ ಆವೃತ್ತಿಯನ್ನು ಆರಿಸುತ್ತದೆ: ಸಾಮಾನ್ಯವಾಗಿ 500, ಬಳಕೆದಾರನು ಗೊತ್ತುಪಡಿಸಿದ ಶಾಖೆಗೆ 990, 1001 ಕೊಟ್ಟರೆ ಹಳೆಯ ಆವೃತ್ತಿಗೆ ಹಿಂದಿರುಗುವುದೂ ಸಾಧ್ಯ. ಆದರೆ ಅಂಕವು ಪ್ಯಾಕೇಜನ್ನು ಆರಿಸಬಲ್ಲುದೇ ಹೊರತು ಅದರ ಅವಲಂಬನೆಗಳನ್ನು ಅಳಿಸಲಾರದು. ಅನ್‌ಸ್ಟೇಬಲ್‌ನಿಂದ ತಂದ ಒಂದು ಸಣ್ಣ ಪ್ಯಾಕೇಜು ಹೊಸ ‘ಲಿಬ್‌ಸಿ’ಯನ್ನು ಬೇಡಿತೆನ್ನಿ, ಬಹುಪಾಲು ಪ್ರೋಗ್ರಾಮುಗಳಿಗೆ ಆಧಾರವಾದ ಲೈಬ್ರರಿಯೇ ಬದಲಾಗಿ, ಸ್ಟೇಬಲ್ ಎಂಬುದು ಹೆಸರಿಗಷ್ಟೇ ಉಳಿಯುತ್ತದೆ. ಹೊಸ ಆವೃತ್ತಿಗಳನ್ನು ಸ್ಟೇಬಲ್‌ನ ಲೈಬ್ರರಿಗಳಿಗೇ ಹೊಂದುವಂತೆ ಮರುಸಂಕಲಿಸಿ ಕೊಡುವ ‘ಬ್ಯಾಕ್‌ಪೋರ್ಟ್ಸ್’ 2010ರಲ್ಲಿ ಯೋಜನೆಯ ಅಧಿಕೃತ ಅಂಗವಾಯಿತು.